ಅಂಗೈಗೆ ವಿಭೂತಿ

ಊರ ಗರಡಿಗೆ ಒಬ್ಬ ಅಂಚೆಯವನು ಬರುತ್ತಿದ್ದ. ಅವನಿಗೆ ಗುಂಡುಕಲ್ಲು ಎತ್ತುವ ಆಸೆ. ತೋಳಲ್ಲಿ ಬಲವಿತ್ತು, ಆದರೆ ಅಂಗೈ ಬೆವರುತ್ತಿತ್ತು. ಎರಡು ಸಲ ಕಲ್ಲು ಎದೆಮಟ್ಟಕ್ಕೆ ಬಂದು ಜಾರಿ ಬಿತ್ತು. ಸೀಮೆಸುಣ್ಣ ಹಚ್ಚಿಕೊಳ್ಳಲು ಹೋದಾಗ ವಸ್ತಾದ ರುದ್ರಗೌಡರು ಗುಡುಗಿದರು.

“ಗಂಡಸಿನ ಕೈಗೆ ಪುಡಿ ಯಾಕೋ? ಸುಣ್ಣ, ಹಿಟ್ಟು, ಬೂದಿ, ಏನೂ ನನ್ನ ಗರಡಿಯೊಳಗ ನಡೆಯಂಗಿಲ್ಲ. ಸೋಮವಾರ ಮತ್ತ ಕಲ್ಲು ಬಿತ್ತೋ, ಈ ಕಡೆ ತಲಿ ಹಾಕಬ್ಯಾಡ!”

ಅಂಚೆಯವನು ಮನೆಗೆ ಹೋಗಿ, ಅಂಗೈಗೆ ಒಂದೊಂದೇ ಪುಡಿ ಹಚ್ಚಿ ತೊಲೆಗೆ ಜೋತುಬಿದ್ದು ಪರೀಕ್ಷೆ ಶುರು ಮಾಡಿದ. ಜೋಳದ ಹಿಟ್ಟು ಬೆವರಿನಲ್ಲಿ ಕಲಸಿ ರೊಟ್ಟಿಗೆ ತಯಾರಾಯಿತು. ಮುಖದ ಪೌಡರ್ ಘಮಘಮಿಸುತ್ತಲೇ ಜಾರಿತು. ಒಲೆಯ ಬೂದಿ ಮಾತ್ರ ಹಿಡಿತ ಬಿಡಲಿಲ್ಲ.

“ವಸ್ತಾದರು ಬೂದಿ ಬ್ಯಾಡ ಅಂದಾರಲ್ರೀ,” ಎಂದಳು ಹೆಂಡತಿ.

ಅವನು ದೇವರ ಗೂಡಿನ ಕಡೆ ನೋಡಿ ನಕ್ಕ.

ಸೋಮವಾರ ಎಲ್ಲರೆದುರು ಕಲ್ಲಿನ ಮುಂದೆ ನಿಂತು ವಿಭೂತಿ ಗಟ್ಟಿ ತೆಗೆದ. ಹಣೆಗೆ ಹಚ್ಚಿದ, ತೋಳಿಗೆ ಹಚ್ಚಿದ, ಕೊನೆಗೆ ಎರಡೂ ಅಂಗೈಗೆ ಸಾವಕಾಶವಾಗಿ ತಿಕ್ಕಿದ.

“ಏ, ಅದೇನೋ ಅದು?”

“ವಿಭೂತಿ ರೀ ಗೌಡ್ರ. ಬ್ಯಾಡ ಅಂದ್ರ ಒರೆಸಿಬಿಡತೀನಿ.”

ಹಣೆ ತುಂಬ ವಿಭೂತಿ ಧರಿಸಿದ್ದ ಗೌಡರು ಬಾಯಿ ತೆರೆದರು. ಸುತ್ತ ನೆರೆದವರನ್ನು ನೋಡಿ ಮುಚ್ಚಿದರು. ಮತ್ತೆ ತೆರೆದು, “ವಿಭೂತಿ ಒರೆಸು ಅನ್ನಾಕ ನನಗೇನು ಹುಚ್ಚೇನು? ಎತ್ತು!” ಎಂದರು.

ಕಲ್ಲು ಹೆಗಲೇರಿತು.

ಮುಂದಿನ ಸೋಮವಾರ ಗೌಡರೇ ಕಲ್ಲೆತ್ತಲು ಬಂದರು. ಅವರ ಭಕ್ತಿಯೂ ಹಣೆಯಿಂದ ಅಂಗೈಗೆ ಇಳಿದಿತ್ತು.