ಅಂಗಿ ತೊಟ್ಟ ಬ್ಯಾಕ್ಟೀರಿಯದ ಜಂಭ

ನನ್ನ ರಕ್ತದ ರುಚಿ ಲೋಕದ ಬ್ಯಾಕ್ಟೀರಿಯಗಳಿಗೆಲ್ಲ ಗೊತ್ತು. ಅದಕ್ಕೇ ಅಕ್ಕನ ಮಗಳು ಪ್ರಫುಲ್ಲಾ ತನ್ನ ಪ್ರಯೋಗಾಲಯಕ್ಕೆ ಒಂದು ಕೊಳವೆ ರಕ್ತ ಬೇಡಿ ಒಯ್ದಳು. ರಕ್ತದಲ್ಲಿ ಈ ಪೀಡೆಗಳ ಜೀವ ಕಾಯುವುದು ಅವುಗಳ ಯಾವ ಜೀನ್ ಎಂದು ಅವಳಿಗೆ ತಿಳಿಯಬೇಕಿತ್ತು. ಒಂದೊಂದು ಬ್ಯಾಕ್ಟೀರಿಯದಲ್ಲಿ ಒಂದೊಂದು ಜೀನ್ ಕೆಡಿಸಿ ಕೊಳವೆಗೆ ಬಿಟ್ಟಳು. ಒಬ್ಬನಿಗೆ ಬಾಲ ಬೆಳೆಯಲಿಲ್ಲ. ಇನ್ನೊಬ್ಬನಿಗೆ ಮೈಮೇಲಿನ ಜಾರುವ ಅಂಗಿ ಬೆಳೆಯಲಿಲ್ಲ.

“ಬಾಲವಿಲ್ಲದೆ ಹೇಗಯ್ಯ ಬದುಕುತ್ತೀಯ?” ಎಂದು ಅಂಗಿಯಿಲ್ಲದವನು ಕುಣಿದ. ಅಷ್ಟರಲ್ಲಿ ಬಿಳಿ ರಕ್ತಕಣ ಬಂದು ಅವನನ್ನು ಗುಳುಂ ಮಾಡಿತು. ಬಾಲವಿಲ್ಲದವನನ್ನೂ ಹಿಡಿಯಿತು, ಆದರೆ ಅವನು ಜಾರಿಕೊಂಡ.

“ನಾನು ನಿಮ್ಮ ಕೈಗೆ ಸಿಗುವವನಲ್ಲ, ಬಿಳಿಯಪ್ಪನವರೇ. ಇಲ್ಲಿ ನಮ್ಮ ಜೀವ ಉಳಿಸುವುದು ಈ ಅಂಗಿ. ಬೇಕಾದರೆ ಬರೆದಿಟ್ಟುಕೊಳ್ಳಿ,” ಎಂದು ಬೀಗಿದ.

ಪ್ರಫುಲ್ಲಾ ಬರೆದಿಟ್ಟುಕೊಂಡಳು. ಆಮೇಲೆ ಅಂಗಿ ಹೊಲಿಯುವ ಜೀನಿನ ಕೆಲಸ ನಿಲ್ಲಿಸುವ ಮದ್ದು ಹುಡುಕಿ, ಕೊಳವೆಗೆ ಎರಡು ತೊಟ್ಟು ಬಿಟ್ಟಳು.

ಬಾಲವಿಲ್ಲದವನ ಮೈ ಬರಿದಾಯಿತು. ಬಿಳಿ ರಕ್ತಕಣ ಹತ್ತಿರ ಬಂದು ಬಹಳ ವಿನಯದಿಂದ ಕೇಳಿತು: “ಅಂಗಿಯ ವಿಷಯ ಹೇಳುತ್ತಿದ್ದಿರಲ್ಲ ಸ್ವಾಮಿ, ಇನ್ನೂ ಏನಾದರೂ ಬರೆಸುವುದಿದೆಯೇ?”