ಬೆಂಕಿ ಇಲ್ಲದ ಡಂಗುರ

"ಗುರುಗಳೇ, ಮೈ ಕಪ್ಪು ಮಾಡೋ ಇಂಜೆಕ್ಷನ್ ಬಂದೈತಿ. ಸ್ಪರ್ಧೆಗೆ ಮೊದಲು ತಗೊಂಡ್ರೆ ತಪ್ಪೇನು?" ಎಂದು ಕೊಟ್ರೇಶ ಕೇಳಿದ.

ಗರಡಿಯ ಗುರು ಕೆಂಚಪ್ಪನವರು ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲ ಶಿಷ್ಯರಿಗೂ ತಮ್ಮ ಕೈಯಾರೆ ತಿಕ್ಕುವುದು ಅವರ ಪದ್ಧತಿ. ದೇಹದಾರ್ಢ್ಯ ಸ್ಪರ್ಧೆಯಲ್ಲಿ ಮೈ ಕಪ್ಪಗಿದ್ದರೆ ಸ್ನಾಯುಗಳು ಎದ್ದು ಕಾಣುತ್ತವೆ ಎಂಬುದು ಅವರಿಗೂ ಗೊತ್ತಿತ್ತು. ಅಷ್ಟಕ್ಕೆ ಮೇಲೆ ಬಳಿಯುವ ಬಣ್ಣ ಸಾಕು ಎನ್ನುವವರು ಅವರು.

"ಸೀಸೆ ಮ್ಯಾಲೆ ಏನು ಬರದೈತಿ?" ಎಂದರು.

"ಏನೂ ಬರದಿಲ್ಲ. ಆದ್ರ ಭಾಳ ಮಂದಿ ತಗೊಂಡಾರ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಊರೆಲ್ಲ ತನ್ನ ಬಳಗವೆಂದು ಅವರಿಗೆ ತೋರಿಸಬೇಕೆಂಬುದು ವ್ಯಾಪಾರಿಯ ಆಸೆ. ಊರಿನ ಡಂಗುರದವನನ್ನು ಕರೆದು, ತನ್ನ ಮನೆಗೆ ಬೆಂಕಿ ಬಿದ್ದಿದೆ ಎಂದು ಸಾರಲು ಹೇಳಿದ.

"ಬಿದ್ದಾಗ ಸಾರುತ್ತೇನೆ" ಎಂದು ಹೇಳಿ ಡಂಗುರದವನು ಹೊರಟುಹೋದ.

ವ್ಯಾಪಾರಿ ಬಿಡಲಿಲ್ಲ. ದಾರಿಹೋಕನೊಬ್ಬನ ಕೈಗೆ ತಮಟೆ ಕೊಟ್ಟ. ಅವನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಅವನು ತಮಟೆ ಬಡಿದದ್ದೇ ತಡ, ಊರಿಗೆ ಊರೇ ಕೊಡ ಹಿಡಿದು ಓಡಿಬಂತು. ಅಂಗಳ ತುಂಬಿತು. ಗಂಡಿನ ಕಡೆಯವರು ಬೆರಗಾದರು. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ.

ಊರಾಚೆಯ ಪಾಳು ಮಂಟಪದಲ್ಲಿ ಒಬ್ಬ ಕಳ್ಳ ಮಲಗಿದ್ದ. ತಮಟೆಯ ಸದ್ದು ಅವನ ಕಿವಿಗೂ ಬಿತ್ತು. ಅವನೂ ಎದ್ದು ಬಂದ. ಅಷ್ಟು ಜನರ ನಡುವೆ ಅವನನ್ನು ಯಾರು ಗುರುತಿಸಬೇಕು? ಸಂಜೆ ಎಲ್ಲರೂ ಮನೆಗೆ ಹೋದರು. ಬಂದವರನ್ನು ನೋಡಿ ಹಿಗ್ಗಿದ್ದ ವ್ಯಾಪಾರಿ, ಹೋದವರೆಷ್ಟು ಎಂದು ನೋಡಲಿಲ್ಲ. ಕಳ್ಳ ಅಟ್ಟ ಹತ್ತಿ ಕುಳಿತಿದ್ದ.

ಗುರುಗಳು ಮತ್ತಷ್ಟು ಎಣ್ಣೆ ಸುರಿದುಕೊಂಡರು.

"ಬಿಸಿಲು ಸುಟ್ಟಾಗ ಮೈ ಕಪ್ಪಾಗೋದು ತನ್ನನ್ನ ತಾನು ಕಾಯ್ಕೊಳ್ಳಾಕ. ನಿನ್ನ ಇಂಜೆಕ್ಷನ್ ಬಿಸಿಲಿಲ್ದನ ಡಂಗುರ ಹೊಡೀತೈತಿ. ಮೈಮ್ಯಾಲಿನ ಮಚ್ಚಿಗೂ ಅದು ಕೇಳಿಸ್ತೈತಿ. ಅದ್ರಾಗ ಯಾವುದು ಕ್ಯಾನ್ಸರ್ ಆಗಿ ಕುಂದರತೈತೋ, ಆ ಸೀಸೆ ಮಾರಿದವನಿಗೂ ಗೊತ್ತಿಲ್ಲ."

"ಅದಕ್ಕ ತಗೊಳ್ಳೋ ಮೊದಲ ಕೇಳಾಕ ಬಂದೀನಿ, ಗುರುಗಳೇ" ಎಂದ ಕೊಟ್ರೇಶ.

ಬೆನ್ನ ಮೇಲೆ ಓಡಾಡುತ್ತಿದ್ದ ಹೆಬ್ಬೆರಳು ಎಡಹೆಗಲ ಕೆಳಗೆ ನಿಂತಿತು.

"ಹೋದ ತಿಂಗಳು ಎಣ್ಣಿ ಹಚ್ಚಿದಾಗ ಇಲ್ಲಿ ಈ ಮಚ್ಚಿ ಇರಲಿಲ್ಲಲ್ಲೋ, ಕೊಟ್ರೇಶ."

ಕೊಟ್ರೇಶ ಚೀಲದಿಂದ ಅರ್ಧ ಖಾಲಿಯಾದ ಸೀಸೆ ತೆಗೆದು ಗುರುಗಳ ಮುಂದಿಟ್ಟ.