ಪಕ್ಕದ ದೋಣಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಹೊಟ್ಟೆಕಿಚ್ಚು ಕೆಟ್ಟದ್ದು ಅನ್ನುತ್ತೀರಿ. ಆದರೆ ಉರಿಯುವುದು ನನ್ನ ಹೊಟ್ಟೆ ತಾನೆ? ಅದರಿಂದ ಬೇರೆಯವರಿಗೇನು ನಷ್ಟ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಎದುರಂಗಡಿಯವನು ಸೀನಿದರೂ ಇವನ ಹೊಟ್ಟೆ ಉರಿಯುತ್ತಿತ್ತು. ಅದೊಂದು ಬಿಟ್ಟರೆ ಒಳ್ಳೆಯವನೇ. ಇವನ ಹೆಂಡತಿಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಇದಕ್ಕೆ ಮದ್ದಿಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಪೂರ್ತಿ ಕತ್ತಲಾಗುವ ಮೊದಲು ಕಡಲಿನಲ್ಲಿ ಡಾಲ್ಫಿನ್ ಹಾರುವುದನ್ನು ಒಮ್ಮೆ ನೋಡಬೇಕೆಂದು ಆಕೆ ಆಸೆಪಟ್ಟಳು. ವ್ಯಾಪಾರಿ ಅಂಗಡಿಗೆ ಬೀಗ ಜಡಿದು ಆಕೆಯನ್ನು ಕಡಲತೀರಕ್ಕೆ ಕರೆತಂದ.

ಆ ತೀರದ ದೋಣಿಯವರಲ್ಲಿ ಒಂದು ಕಟ್ಟಳೆಯಿತ್ತು. ಡಾಲ್ಫಿನ್ ಬೆನ್ನು ಕಂಡೊಡನೆ ಎಂಜಿನ್ ನಿಲ್ಲಿಸಿ ಸುಮ್ಮನೆ ಕಾಯಬೇಕು. ಅವು ಯಾರ ದೋಣಿಯ ಬಳಿ ಬರುತ್ತವೋ ಅದು ಅವರ ಪುಣ್ಯ, ಬೆನ್ನಟ್ಟುವಂತಿಲ್ಲ. ಅಂದು ಅವು ಪಕ್ಕದ ದೋಣಿಯ ಬಳಿ ಹಾರತೊಡಗಿದವು. ಆ ದೋಣಿಯಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದವನು ಬೇರೆ ಯಾರೂ ಅಲ್ಲ, ಅದೇ ಎದುರಂಗಡಿಯವನು.

ವ್ಯಾಪಾರಿಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿಯೂ ಇವನೇ ಮುಂದೆ!

ಹೆಂಡತಿ ಅವನ ತೋಳು ಹಿಡಿದಳು. “ಸ್ವಲ್ಪ ತಾಳಿ. ಅಲ್ಲಿ ಕಪ್ಪಗೆ ಏನೋ ಆಡಿದ ಹಾಗೆ ಕಾಣ್ತಿದೆ. ಕಣ್ಣು ಹೊಂದಿಕೊಳ್ಳಲಿ.”

ಅವನ ಕಿವಿಗೆ ಅದು ಬೀಳಲೇ ಇಲ್ಲ. “ಎಂಜಿನ್ ಹಾಕು! ಅವನಿಗಿಂತ ಹತ್ತಿರ ಹೋಗು!” ಎಂದು ದೋಣಿಯವನ ಮೇಲೆ ರೇಗಿದ.

“ಬೇಡ ಮಾರಾಯ್ರೇ, ಎಂಜಿನ್ ಹಾಕಿದ್ರೆ ಮುಳುಗಿ ಹೋಗ್ತವೆ. ಸುಮ್ನೆ ಕೂತ್ಕೊಳ್ಳಿ, ಅವೇ ಈಚೆ ಬರ್ತವೆ.”

ವ್ಯಾಪಾರಿ ಪಟ್ಟು ಬಿಡಲಿಲ್ಲ. ಬೈಗುಳ ತಾಳಲಾರದೆ ದೋಣಿಯವನು ಕಟ್ಟಳೆ ಮುರಿದ. ದೋಣಿ ಮುಂದೆ ನುಗ್ಗಿತು, ಡಾಲ್ಫಿನ್‌ಗಳು ಮುಳುಗಿದವು. ಮತ್ತೆ ಮೇಲೆ ಬರಲಿಲ್ಲ. ಎದುರಂಗಡಿಯವನ ಚಪ್ಪಾಳೆಯೂ ನಿಂತಿತು. ಅವನ ಸಪ್ಪೆ ಮೋರೆ ಕಂಡು ವ್ಯಾಪಾರಿಯ ಹೊಟ್ಟೆ ತಣ್ಣಗಾಯಿತು. ದಡ ಮುಟ್ಟುವವರೆಗೂ ಅದನ್ನೇ ತಿರುತಿರುಗಿ ನೋಡಿದನೇ ಹೊರತು ಹೆಂಡತಿಯ ಮುಖ ನೋಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆಕೆಯನ್ನು ಇನ್ನೊಮ್ಮೆ ಕರೆದೊಯ್ಯಬಹುದಿತ್ತಲ್ಲ, ಗುರುಗಳೇ?”

“ಮರುವರ್ಷ ಕರೆದೊಯ್ದ, ಡಾಲ್ಫಿನ್‌ಗಳು ಅವರ ದೋಣಿಯ ಮಗ್ಗುಲಲ್ಲೇ ಹಾರಿದವು, ಆಕೆ ‘ಯಾವ ಕಡೆ?’ ಎಂದು ಕೇಳಿದಳು.”